ಬಸಿಗಾಲುವೆಯ ಹಳದಿ ಹೂವು: ಕೀಳುವ ಮೊದಲು ಗುರುತಿಸಿ

(ಮಲೆನಾಡಿನ ಒಂದು ಅಡಿಕೆ ತೋಟ. ಮಾತಾಡುತ್ತಿರುವವರು ಇಬ್ಬರು: ತೋಟ ನೋಡಿಕೊಳ್ಳುವ ಯುವಕ ಮತ್ತು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಅವನ ಚಿಕ್ಕಮ್ಮ.)

ಮಗ: ಚಿಕ್ಕಮ್ಮ, ಈ ಕಳೆ ನೋಡಿ. ಮೊದಲು ರಸ್ತೆ ಬದಿಯ ಮೋರಿ ಹತ್ತಿರ ಮಾತ್ರ ಇತ್ತು. ಈಗ ಬಸಿಗಾಲುವೆಯ ಉದ್ದಕ್ಕೂ ಹಾಸಿಕೊಂಡು ಬಂದಿದೆ. ಕೆಲಸಕ್ಕೆ ಬರುವವರು ಇದು ಗರುಗ ಅನ್ನುತ್ತಾರೆ. ಪಕ್ಕದ ತೋಟದವರು, ಅದು ಪೀತಭೃಂಗರಾಜ, ಔಷಧಿ ಗಿಡ, ಕೀಳಬೇಡ ಅನ್ನುತ್ತಾರೆ. ಫೋನಿನ ಆ್ಯಪ್‌ಗೆ ಹೂವಿನ ಫೋಟೊ ಹಾಕಿದರೆ ಇನ್ನೂ ಬೇರೆ ಹೆಸರು ಕೊಡುತ್ತದೆ. ಕೀಳಬೇಕೋ ಬಿಡಬೇಕೋ ತಿಳಿಯುತ್ತಿಲ್ಲ.

ಚಿಕ್ಕಮ್ಮ: ಕೀಳಬೇಕೋ ಬಿಡಬೇಕೋ ಅನ್ನುವುದು ಆಮೇಲೆ. ಇದು ಯಾವುದು ಅಂತ ಗೊತ್ತಾದರೆ ಅದಕ್ಕೆ ಉತ್ತರ ತಾನೇ ಸಿಗುತ್ತದೆ. ಗಿಡ ಗುರುತಿಸುವುದು ಅಂದರೆ, ಅದನ್ನು ಹೋಲುವ ಗಿಡಗಳನ್ನೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತಾ ಬರುವುದು. ಕೊನೆಗೆ ಉಳಿದದ್ದಕ್ಕೆ ಹೆಸರು. ಒಂದು ಹೂ ಕಿತ್ತು ಕೊಡು, ತೊಟ್ಟು ಸಮೇತ. ಹಾಗೇ ಒಂದು ಬಳ್ಳಿಯನ್ನು ಬೇರು ಸಮೇತ ಎತ್ತು.

ಮಗ: ತಗೊಳ್ಳಿ. ಬಳ್ಳಿ ಎತ್ತುವುದೇ ಕಷ್ಟ, ಗೆಣ್ಣು ಗೆಣ್ಣಿಗೂ ನೆಲ ಹಿಡಿದಿದೆ.

ಚಿಕ್ಕಮ್ಮ: ಅದನ್ನು ನೆನಪಿಟ್ಟುಕೋ, ಆ ಮಾತಿಗೆ ಮತ್ತೆ ಬರೋಣ. ಮೊದಲು ಕುಟುಂಬ ಯಾವುದು ನೋಡೋಣ. ಈ ಹೂವನ್ನು ಉಗುರಿನಲ್ಲಿ ನಡುವೆ ಸೀಳು. ಏನು ಕಾಣುತ್ತದೆ?

ಮಗ: ಒಳಗೆ ಸಣ್ಣ ಸಣ್ಣ ಕೊಳವೆಗಳು ಒತ್ತೊತ್ತಾಗಿ ನಿಂತಿವೆ. ಎಸಳುಗಳೆಲ್ಲ ಸುತ್ತ ಅಂಚಿನಲ್ಲಿವೆ.

ಚಿಕ್ಕಮ್ಮ: ಆ ಒಂದೊಂದು ಕೊಳವೆಯೂ ಒಂದೊಂದು ಹೂ. ಅಂಚಿನಲ್ಲಿ ಎಸಳು ಅಂದುಕೊಂಡೆಯಲ್ಲ, ಅವೂ ಒಂದೊಂದು ಹೂವೇ. ಒಂದನ್ನು ಬುಡದಿಂದ ಬಿಡಿಸಿ ಲೆನ್ಸ್‌ನಲ್ಲಿ ನೋಡು. ಕೆಳಗೆ ಪುಟ್ಟ ಅಂಡಾಶಯ, ಅದರ ಮೇಲೆ ಎರಡು ಕವಲಾದ ಶಲಾಕೆ. ಕೇಸರ ಇಲ್ಲ, ಆದ್ದರಿಂದ ಅದು ಹೆಣ್ಣು ಹೂ. ನಡುವಿನ ಕೊಳವೆ ಹೂಗಳಲ್ಲಿ ಗಂಡು ಹೆಣ್ಣು ಎರಡೂ ಇವೆ. ಹಾಗಾಗಿ ನಾವು ಒಂದು ಹೂ ಅನ್ನುವುದು ನಿಜವಾಗಿ ಹತ್ತಾರು ಹೂಗಳ ಒಂದು ಗೊಂಚಲು. ಇದು ಸೂರ್ಯಕಾಂತಿ ಕುಟುಂಬದ ಗುರುತು. ಸೇವಂತಿಗೆ, ಚೆಂಡುಹೂ, ಕುಸುಬೆ, ಹುಚ್ಚೆಳ್ಳು ಎಲ್ಲ ಅದೇ ಕುಟುಂಬ. ಜಗತ್ತಿನಲ್ಲಿ ಈ ಕುಟುಂಬದ 30 ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ.

ಮಗ: ಅಷ್ಟರಲ್ಲಿ ಇದು ಯಾವುದು ಅಂತ ಹುಡುಕುವುದು ಹೇಗೆ?

ಚಿಕ್ಕಮ್ಮ: ಅಷ್ಟನ್ನೂ ನೋಡಬೇಕಾಗಿಲ್ಲ. ಈ ತೋಟದ ತೇವದ ನೆಲದಲ್ಲಿ ಬೆಳೆಯುವಂಥವನ್ನು ನೋಡಿದರೆ ಸಾಕು, ಅವು ಬೆರಳೆಣಿಕೆಯಷ್ಟು. ಮೊದಲು ಗರುಗದ ಮಾತು ಮುಗಿಸೋಣ. ಗರುಗದ ಹೂ ಯಾವ ಬಣ್ಣ?

ಮಗ: ಬಿಳಿ. ಸಣ್ಣದು, ಗುಂಡಿಯಷ್ಟು.

ಚಿಕ್ಕಮ್ಮ: ಒಂದು ಸೆಂಟಿಮೀಟರ್ ಅಗಲವೂ ಇರುವುದಿಲ್ಲ. ಎಲೆ ಉದ್ದಕ್ಕೆ, ಮುಟ್ಟಿದರೆ ಒರಟು. ಎಲೆಯನ್ನೋ ಕಾಂಡವನ್ನೋ ಹಿಂಡಿದರೆ ಬರುವ ರಸ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ತಲೆಕೂದಲಿನ ಎಣ್ಣೆಗೆ ಹಾಕುವುದು ಅದನ್ನು. ಈ ಗಿಡದ ಎಲೆ ಹಿಂಡಿ ನೋಡು. ಹಸಿರು ಹಸಿರಾಗಿಯೇ ಇರುತ್ತದೆ. ಹೂ ಹಳದಿ, ಅಗಲ ಎರಡರಿಂದ ಮೂರು ಸೆಂಟಿಮೀಟರ್. ಗರುಗವನ್ನು ಪಕ್ಕಕ್ಕಿಡು.

ಮಗ: ಗಾಯಕ್ಕೆ ಹಿಂಡುತ್ತೇವಲ್ಲ, ಆ ಟ್ರೈಡ್ಯಾಕ್ಸ್? ಅದಕ್ಕೂ ನಡುವೆ ಹಳದಿ ಇದೆ.

ಚಿಕ್ಕಮ್ಮ: ಅದು ಅಮೆರಿಕದಿಂದ ಬಂದದ್ದೇ, ಇದೇ ಕುಟುಂಬದ್ದೇ. ಆದರೆ ಅದಕ್ಕೆ ಒಣನೆಲ ಬೇಕು. ಅಂಗಳದ ಅಂಚು, ರಸ್ತೆ ಬದಿಯ ಜಲ್ಲಿ ಅದರ ಜಾಗ. ಅಂಚಿನ ಹೂಗಳು ಮಾಸಲು ಬಣ್ಣದವು, ಹೆಚ್ಚೆಂದರೆ ಐದಾರು. ಕಾಯಿ ಬಲಿತಾಗ ಒಂದೊಂದು ಬೀಜಕ್ಕೂ ರೋಮದ ಕುಚ್ಚು ಇರುತ್ತದೆ, ಗಾಳಿಗೆ ತೇಲಿಕೊಂಡು ಹೋಗುತ್ತದೆ. ಈ ಗಿಡದಲ್ಲಿ ಆ ಕುಚ್ಚು ಇಲ್ಲ. ಬೀಜದ ತಲೆಯ ಮೇಲೆ ಗಿಡ್ಡ ಕಿರೀಟದಂಥ ಅಂಚು ಮಾತ್ರ. ಬಣ್ಣಕ್ಕಿಂತ ಈ ಗುರುತು ಹೆಚ್ಚು ನಂಬಿಕೆಯದು. ಬಣ್ಣ ಬಿಸಿಲಿಗೆ ಮಾಸುತ್ತದೆ, ಬೀಜದ ರೂಪ ಮಾಸುವುದಿಲ್ಲ.

ಮಗ: ಹಲ್ಲುನೋವಿಗೆ ಅಗಿಯುವ ಗಿಡ ಒಂದಿದೆ. ಅದೂ ಕಾಲುವೆ ಅಂಚಿನಲ್ಲೇ ಬೆಳೆಯುತ್ತದೆ, ಹೂ ಹಳದಿ.

ಚಿಕ್ಕಮ್ಮ: ಅದರ ಹೂಗೊಂಚಲು ಮೇಲಕ್ಕೆ ಚೂಪಾಗಿ ಏಳುತ್ತದೆ. ಅಂಚಿನ ಹೂ ಇದ್ದರೂ ಕಾಣದಷ್ಟು ಪುಟ್ಟದು. ಒಂದು ಹೂ ಅಗಿದರೆ ನಾಲಗೆ ಜುಮ್ಮೆನ್ನುತ್ತದೆ, ಅದರಲ್ಲಿರುವ ಸ್ಪಿಲಾಂಥಾಲ್ ಕಾರಣ. ಆದರೆ ಹೆಸರು ತಿಳಿಯದ ಗಿಡವನ್ನು ಬಾಯಿಗೆ ಹಾಕಿ ಪರೀಕ್ಷೆ ಮಾಡಬಾರದು. ಕಣ್ಣಿಗೆ ಕಾಣುವ ಗುರುತೇ ಸಾಕು. ಈಗ ಎಲೆಗೆ ಬಾ.

ಮಗ: ಎಲೆ ದಪ್ಪ, ಮೇಲೆ ಹೊಳಪು. ಜೋಡಿ ಜೋಡಿಯಾಗಿ ಎದುರುಬದುರು ಬಂದಿವೆ.

ಚಿಕ್ಕಮ್ಮ: ಒಂದು ಜೋಡಿ ಪೂರ್ವ-ಪಶ್ಚಿಮಕ್ಕೆ ಇದ್ದರೆ ಮುಂದಿನದು ಉತ್ತರ-ದಕ್ಷಿಣಕ್ಕೆ. ಉದ್ದ 4ರಿಂದ 9 ಸೆಂಟಿಮೀಟರ್, ಅಗಲವೂ ಚೆನ್ನಾಗಿದೆ. ತೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಗಿಡ್ಡ. ಅಂಚಿನಲ್ಲಿ ಹಲ್ಲು. ಎಲೆಯ ನಡುಭಾಗ ದಾಟಿದ ಮೇಲೆ ಎರಡೂ ಪಕ್ಕಕ್ಕೆ ಒಂದೊಂದು ಮೂಲೆ ಚಾಚಿಕೊಂಡಿದೆಯಲ್ಲ, ತುದಿಯದೂ ಸೇರಿ ಮೂರು ಹಾಲೆ. ಈ ಗಿಡದ ಮುಖ್ಯ ಗುರುತು ಅದು.

ಮಗ: ಆದರೆ ಇಲ್ಲಿ ನೆರಳಲ್ಲಿರುವ ಬಳ್ಳಿಯಲ್ಲಿ ಆ ಪಕ್ಕದ ಹಾಲೆ ಸರಿಯಾಗಿ ಕಾಣುವುದಿಲ್ಲ. ಬರೀ ಹಲ್ಲು ಇದೆ.

ಚಿಕ್ಕಮ್ಮ: ಅದಕ್ಕೇ ಒಂದು ಎಲೆ ನೋಡಿ ತೀರ್ಮಾನ ಮಾಡಬಾರದು. ಎಳೆಯ ಚಿಗುರಿನಲ್ಲಿ, ನೆರಳಿನ ಬಳ್ಳಿಯಲ್ಲಿ ಹಾಲೆ ಇಲ್ಲದ ಎಲೆಗಳು ಇದ್ದೇ ಇರುತ್ತವೆ. ಬಳ್ಳಿಯ ಬುಡ, ನಡು, ತುದಿ ಮೂರೂ ಕಡೆಯ ಎಲೆ ನೋಡಬೇಕು. ಬಿಸಿಲಿನದು, ನೆರಳಿನದು ಎರಡನ್ನೂ ನೋಡಬೇಕು. ಫೋನಿನ ಆ್ಯಪ್ ತಪ್ಪುವುದೂ ಇಲ್ಲೇ. ನೀನು ಮೇಲಿನಿಂದ ಹೂವಿನ ಮುಖ ಮಾತ್ರ ಹಿಡಿದು ಕೊಟ್ಟಿದ್ದೀಯ. ಈ ಕುಟುಂಬದಲ್ಲಿ ಮೇಲಿನಿಂದ ನೋಡಿದರೆ ಹಳದಿ ಹೂಗಳೆಲ್ಲ ಒಂದೇ ಥರ ಕಾಣುತ್ತವೆ. ಹೂವಿನ ಮುಖ, ಹೂವಿನ ಹಿಂಬದಿಯ ಹಸಿರು ಎಸಳುಗಳು, ಎಲೆಯ ಮೇಲ್ಭಾಗ, ಎಲೆಯ ಅಡಿಭಾಗ, ಕಾಂಡದ ಗೆಣ್ಣು, ಬೆಳೆದ ಜಾಗ, ಇಷ್ಟೂ ಫೋಟೊ ಇದ್ದರೆ ಆ್ಯಪ್ ಕೂಡ ಸರಿಯಾದ ಕಡೆಗೆ ಬರುತ್ತದೆ. ನೋಡುವ ತಜ್ಞರಿಗೂ ಸಂಶಯ ಉಳಿಯುವುದಿಲ್ಲ.

ಮಗ: ಹಾಗಾದರೆ ಇದು ಪೀತಭೃಂಗರಾಜ ಅಲ್ಲವಾ?

ಚಿಕ್ಕಮ್ಮ: ಅಲ್ಲ. ಆದರೆ ಪಕ್ಕದ ತೋಟದವರು ಹಾಗೆ ಅಂದುಕೊಂಡದ್ದರಲ್ಲಿ ಅರ್ಥವಿದೆ, ಯಾಕೆಂದರೆ ಇವೆರಡೂ ಒಂದೇ ಕುಲದವು. ಪೀತಭೃಂಗರಾಜ ಅಂದರೆ ಸ್ಫ್ಯಾಗ್ನೆಟಿಕೋಲ ಕ್ಯಾಲೆಂಡುಲೇಸಿಯ. ಅದು ನಮ್ಮ ಏಷ್ಯಾದ್ದು. ಗದ್ದೆ ಅಂಚು, ಕೆರೆ ಕೋಡಿ, ಹಳ್ಳದ ಬದಿಯ ಹಸಿನೆಲದಲ್ಲಿ ತೆವಳಿಕೊಂಡು ಬೆಳೆಯುತ್ತದೆ. ಹಳದಿ ಹೂ ಬಿಡುತ್ತದೆ. ಅದೂ ಗೆಣ್ಣಿನಲ್ಲಿ ಬೇರು ಬಿಡುತ್ತದೆ. ಹಾಗಾಗಿ ಗೆಣ್ಣಿನ ಬೇರು ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

ಮಗ: ಮತ್ತೆ ಹೇಗೆ?

ಚಿಕ್ಕಮ್ಮ: ಎಲೆ. ಪೀತಭೃಂಗರಾಜದ ಎಲೆ ಕಿರಿದು, ಅಗಲದ ಮೂರು ನಾಲ್ಕು ಪಟ್ಟು ಉದ್ದ. ಅಂಚು ನುಣ್ಣಗೆ ಇರುತ್ತದೆ, ಇಲ್ಲವೇ ಅಲ್ಲೊಂದು ಇಲ್ಲೊಂದು ಸಣ್ಣ ಹಲ್ಲು. ಪಕ್ಕದ ಹಾಲೆ ಯಾವ ಎಲೆಯಲ್ಲೂ ಇರುವುದಿಲ್ಲ. ಎಲೆಯ ಮೈಮೇಲೆ ಒತ್ತಿಕೊಂಡು ಮಲಗಿದ ಗಡಸು ರೋಮ, ಸವರಿದರೆ ತರಿತರಿ. ಹೂವೂ ಇದಕ್ಕಿಂತ ಸ್ವಲ್ಪ ಸಣ್ಣದು. ಇಲ್ಲಿ ನೋಡು, ಈ ಗಿಡದ ಎಲೆ ಅಗಲ, ಹಲ್ಲು ಎದ್ದು ಕಾಣುತ್ತವೆ, ಬಿಸಿಲಿನ ಬಳ್ಳಿಯಲ್ಲಿ ಮೂರು ಹಾಲೆ ಸ್ಪಷ್ಟ. ಅಂಚಿನ ಹೂಗಳು ಸುಮಾರು ಹತ್ತು, ತುದಿಯಲ್ಲಿ ಸಣ್ಣ ಕಚ್ಚು. ಎಲೆಯ ಕಂಕುಳಿಂದ ಉದ್ದ ತೊಟ್ಟಿನ ಮೇಲೆ ಒಂಟಿಯಾಗಿ ಎದ್ದ ಗೊಂಚಲು. ಇದು ಸ್ಫ್ಯಾಗ್ನೆಟಿಕೋಲ ಟ್ರೈಲೊಬೇಟ.

ಮಗ: ಈ ಹೆಸರು ಕೇಳಿಯೇ ಇಲ್ಲ.

ಚಿಕ್ಕಮ್ಮ: ವೆಡೇಲಿಯ ಅಂದರೆ ಕೇಳಿರಬಹುದು. ನರ್ಸರಿಯವರು ಈಗಲೂ ಆ ಹಳೆಯ ಹೆಸರಿನಲ್ಲೇ ಮಾರುತ್ತಾರೆ. ಲಿನೇಯಸ್ 1759ರಲ್ಲಿ ಇದನ್ನು ಮೊದಲು ಹೆಸರಿಸಿದಾಗ ಸಿಲ್ಫಿಯಂ ಅನ್ನುವ ಕುಲದಲ್ಲಿಟ್ಟ. 1893ರಲ್ಲಿ ಹಿಚ್‌ಕಾಕ್ ವೆಡೇಲಿಯಕ್ಕೆ ತಂದರು. 1996ರಲ್ಲಿ ಪ್ರಸ್ಕಿ ಅನ್ನುವ ಸಸ್ಯವಿಜ್ಞಾನಿ ಇದನ್ನೂ ನಮ್ಮ ಪೀತಭೃಂಗರಾಜವನ್ನೂ ಸ್ಫ್ಯಾಗ್ನೆಟಿಕೋಲ ಕುಲಕ್ಕೆ ಸೇರಿಸಿದರು. ಪುಸ್ತಕದಲ್ಲೋ ಅಂತರ್ಜಾಲದಲ್ಲೋ ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಬೇಕು. ಇಲ್ಲದಿದ್ದರೆ ಅರ್ಧ ಮಾಹಿತಿ ಸಿಕ್ಕುವುದೇ ಇಲ್ಲ.

ಮಗ: ಇದರ ಮೂಲ ಎಲ್ಲಿ?

ಚಿಕ್ಕಮ್ಮ: ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಉಷ್ಣ ಪ್ರದೇಶ. ಆಸ್ಟ್ರೇಲಿಯಾದವರು ಇದನ್ನು ಸಿಂಗಪುರ ಡೇಸಿ ಅನ್ನುತ್ತಾರೆ, ಆದರೆ ಸಿಂಗಪುರಕ್ಕೂ ಇದು ಹೊರಗಿನಿಂದ ಹೋದದ್ದೇ. ಎಲ್ಲ ಕಡೆಗೂ ಹೋದದ್ದು ಚೆಂದದ ಕಾರಣಕ್ಕೆ. ವರ್ಷವಿಡೀ ಹೂ, ನೆಲ ಮುಚ್ಚುವ ಹಸಿರು, ಕತ್ತರಿಸಿದರೆ ಮತ್ತೆ ಚಿಗುರು, ದನ ಕರುವಿನ ಕಾಟವೂ ಕಡಿಮೆ. ಪಾರ್ಕು, ರಸ್ತೆ ವಿಭಜಕ, ಲೇಔಟಿನ ಇಳಿಜಾರು, ರೆಸಾರ್ಟಿನ ಅಂಗಳ ಎಲ್ಲದಕ್ಕೂ ಇದನ್ನೇ ಹಾಕಿದರು. ಬೆಂಗಳೂರಿನಲ್ಲಿ ನೀನು ನೋಡಿರುತ್ತೀಯ. ಅಲ್ಲಿಂದ ಮಣ್ಣಿನ ಜತೆ, ಮೋರಿಯ ನೀರಿನ ಜತೆ, ಕುಂಡದ ಗಿಡದ ಜತೆ ಹಸಿನೆಲ ಸಿಕ್ಕ ಕಡೆಗೆಲ್ಲ ಇಳಿಯಿತು.

ಮಗ: ಕರಾವಳಿಯಲ್ಲಿ ಸಮುದ್ರದ ದಂಡೆ ಹತ್ತಿರವೂ ಇಂಥದ್ದೇ ಹಳದಿ ಹೂವಿನ ಪೊದೆ ನೋಡಿದ್ದೆ. ಅದೂ ಇದೇನಾ?

ಚಿಕ್ಕಮ್ಮ: ಎರಡು ಸಾಧ್ಯತೆ ಇದೆ. ಇದು ಉಪ್ಪುಗಾಳಿಯನ್ನೂ ತಡೆದುಕೊಳ್ಳುವುದರಿಂದ ದಂಡೆಯಲ್ಲಿ ಬೆಳೆಯುತ್ತದೆ. ಆದರೆ ಅಲ್ಲಿ ನಮ್ಮದೇ ಇನ್ನೊಂದು ಗಿಡವೂ ಉಂಟು, ವೊಲಾಸ್ಟೋನಿಯ ಬೈಫ್ಲೋರ. ಅದರ ಎಲೆ ಬುಡದಲ್ಲಿ ಅಗಲ, ತುದಿ ಚೂಪು, ಬುಡದಿಂದಲೇ ಮೂರು ನರ ಎದ್ದು ಹೊರಡುತ್ತವೆ. ಎಲೆಗೆ ಸ್ಪಷ್ಟವಾದ ತೊಟ್ಟಿದೆ. ಬಳ್ಳಿ ಬಲವಾಗಿ, ಬೇರೆ ಪೊದೆಯ ಮೇಲೆ ಹತ್ತಿಕೊಂಡು ಬೆಳೆಯುತ್ತದೆ. ಹೂಗೊಂಚಲು ಒಂದೊಂದು ಕಡೆ ಎರಡು ಮೂರು ಒಟ್ಟಿಗೆ. ಕಾಂಡ್ಲ ಕಾಡಿನ ಅಂಚನ್ನು, ಮರಳು ದಂಡೆಯನ್ನು ಹಿಡಿದಿಟ್ಟುಕೊಳ್ಳುವ ಗಿಡಗಳಲ್ಲಿ ಅದೂ ಒಂದು. ಅದನ್ನು ಕಳೆ ಅಂತ ಕಿತ್ತರೆ ನಷ್ಟ ನಮಗೇ.

ಮಗ: ಪುಸ್ತಕ ನೋಡಿ ಗುರುತಿಸುವುದಾದರೆ ಯಾವ ಪುಸ್ತಕ?

ಚಿಕ್ಕಮ್ಮ: ಇಲ್ಲಿ ಒಂದು ಎಚ್ಚರಿಕೆ ಬೇಕು. ದಕ್ಷಿಣ ಕನ್ನಡವೂ ಸೇರಿದ ಆಗಿನ ಮದ್ರಾಸ್ ಪ್ರಾಂತ್ಯದ ಸಸ್ಯಗಳ ಬಗ್ಗೆ ಗ್ಯಾಂಬಲ್ ಬರೆದ ಗ್ರಂಥ 1915ರಿಂದ 1936ರ ತನಕ ಭಾಗ ಭಾಗವಾಗಿ ಬಂತು. ಇಂದಿಗೂ ಬಳಸುತ್ತೇವೆ, ಅಷ್ಟು ಒಳ್ಳೆಯ ಪುಸ್ತಕ. ಅದರಲ್ಲಿ ಗುರುತಿಸುವ ಕೀಲಿ ಇರುತ್ತದೆ: ಎಲೆ ಹೀಗಿದ್ದರೆ ಇಲ್ಲಿಗೆ ಹೋಗು, ಹಾಗಿದ್ದರೆ ಅಲ್ಲಿಗೆ ಹೋಗು ಅಂತ. ಆದರೆ ಕೀಲಿ ತನ್ನೊಳಗಿರುವ ಗಿಡಗಳ ಹೆಸರನ್ನು ಮಾತ್ರ ಕೊಡಬಲ್ಲದು. ಆ ಪುಸ್ತಕ ಬರೆಯುವಾಗ ಈ ಗಿಡ ನಮ್ಮಲ್ಲಿ ಕಳೆಯಾಗಿರಲಿಲ್ಲ. ಆದ್ದರಿಂದ ಇದನ್ನು ಹಿಡಿದು ಆ ಕೀಲಿಯಲ್ಲಿ ಇಳಿದರೆ, ಕೊನೆಗೆ ಅದು ನಮ್ಮ ದೇಸಿ ವೆಡೇಲಿಯಗಳಲ್ಲಿ ಒಂದರ ಹತ್ತಿರ ತಂದು ನಿಲ್ಲಿಸುತ್ತದೆ. ಹೊಸದಾಗಿ ಬಂದ ಗಿಡ ಹಳೆಯ ಹೆಸರಿನಲ್ಲಿ ಅಡಗಿಕೊಳ್ಳುವುದು ಹೀಗೆ.

ಮಗ: ಹಾಗಾದರೆ ಹಳೆಯ ಪುಸ್ತಕ ಬಿಟ್ಟುಬಿಡಬೇಕಾ?

ಚಿಕ್ಕಮ್ಮ: ಬಿಡುವುದು ಬೇಡ. ಕೀಲಿ ಹೇಳಿದ ಹೆಸರಿಗೆ ಅಲ್ಲೇ ಇರುವ ವರ್ಣನೆಯನ್ನು ಪೂರ್ತಿ ಓದಬೇಕು. ಒಂದು ಮುಖ್ಯ ಗುರುತು ಹೊಂದದಿದ್ದರೂ ನಿಲ್ಲಿಸಿ, ಇದು ಪುಸ್ತಕದ ಆಚೆಗಿನ ಗಿಡ ಇರಬಹುದಾ ಅಂತ ಕೇಳಿಕೊಳ್ಳಬೇಕು. ನಮ್ಮಲ್ಲಿ ಸಲ್ಡಾನ ಮತ್ತು ನಿಕಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯಗ್ರಂಥ 1976ರಲ್ಲಿ ಬಂತು. ಗೋಪಾಲಕೃಷ್ಣ ಭಟ್ಟರು ಉಡುಪಿಯ ಸಸ್ಯಗಳ ಬಗ್ಗೆ ಬರೆದದ್ದು 2003ರಲ್ಲಿ. ಒಂದೊಂದು ಕಾಲದ ಪುಸ್ತಕವೂ ಆ ಕಾಲಕ್ಕೆ ನೆಲದ ಮೇಲೆ ಏನಿತ್ತು ಅನ್ನುವುದರ ದಾಖಲೆ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಓದಿದರೆ ಯಾವ ಗಿಡ ಹೊಸದಾಗಿ ಬಂತು ಅನ್ನುವುದೂ ತಿಳಿಯುತ್ತದೆ.

ಮಗ: ಚಿಕ್ಕಮ್ಮ, ಒಂದು ಮಾತು ಕೇಳಲಾ? ಹೊರಗಿನಿಂದ ಬಂದದ್ದು ಅಂತ ಇದರ ಮೇಲೆ ಇಷ್ಟು ಸಂಶಯ ಯಾಕೆ? ನಾವು ತಿನ್ನುವ ಮೆಣಸಿನಕಾಯಿ, ಪಪ್ಪಾಯಿ, ಗೇರು ಎಲ್ಲ ಅಮೆರಿಕದ್ದೇ. ಈ ಅಡಿಕೆಯೂ ಆಗ್ನೇಯ ಏಷ್ಯಾದಿಂದ ಬಂದದ್ದು ಅಂತ ನೀವೇ ಹೇಳಿದ್ದೀರಿ.

ಚಿಕ್ಕಮ್ಮ: ಒಳ್ಳೆಯ ಪ್ರಶ್ನೆ. ಹೊರಗಿನಿಂದ ಬಂದದ್ದು ಅನ್ನುವುದಷ್ಟೇ ತಪ್ಪಲ್ಲ. ಪಪ್ಪಾಯಿ ಬಂತು, ಹಿತ್ತಿಲಲ್ಲಿ ನಿಂತಿತು. ಕೇಳಬೇಕಾದ್ದು ಇಷ್ಟು: ನೆಟ್ಟ ಜಾಗದಲ್ಲಿ ನಿಲ್ಲುತ್ತದೆಯಾ, ಅಥವಾ ನೆಡದ ಕಡೆಗೂ ಹೋಗಿ ಅಲ್ಲಿದ್ದದ್ದನ್ನು ಮುಚ್ಚುತ್ತದೆಯಾ? ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು 2000ದಲ್ಲಿ ಜಗತ್ತಿನ ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳಲ್ಲಿ 100ನ್ನು ಆಯ್ದು ಪಟ್ಟಿ ಮಾಡಿದರು. ಗಿಡ, ಪ್ರಾಣಿ, ಕೀಟ, ಶಿಲೀಂಧ್ರ ಎಲ್ಲ ಸೇರಿ 100. ಅದರಲ್ಲಿ ಸೂರ್ಯಕಾಂತಿ ಕುಟುಂಬದ ಮೂರು ಗಿಡಗಳಿವೆ. ಒಂದು, ನಾವು ಕಮ್ಯುನಿಸ್ಟ್ ಗಿಡ ಅನ್ನುವ ಕ್ರೊಮೊಲೀನ. ಇನ್ನೊಂದು, ತೋಟ ಕಾಡುಗಳ ಮೇಲೆ ಹಬ್ಬುವ ಮೈಕೇನಿಯ ಬಳ್ಳಿ. ಮೂರನೆಯದು ಈಗ ನಿನ್ನ ಕೈಯಲ್ಲಿದೆ.

ಮಗ: ಕಾಂಗ್ರೆಸ್ ಗಿಡ ಆ ಪಟ್ಟಿಯಲ್ಲಿ ಇಲ್ಲವಾ?

ಚಿಕ್ಕಮ್ಮ: ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅದು ಸಾಧು ಅಂತಲ್ಲ. ಅದರಿಂದ ಎಷ್ಟು ಜನರಿಗೆ ಚರ್ಮದ ಅಲರ್ಜಿ, ಉಸಿರಾಟದ ತೊಂದರೆ ಬಂದಿದೆ ಅಂತ ನಮಗೆ ಗೊತ್ತು. ಅದನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು, ಅದು ನೆಲೆಯೂರಿತು. ಈ ಹಳದಿ ಹೂವಿಗೆ ನಮ್ಮಲ್ಲಿ ಅಂಥ ಶತ್ರು ಯಾವುದೂ ಇಲ್ಲ. ಅದರ ಲೆಕ್ಕವನ್ನು ನಾವು ಕೈಯಿಂದಲೇ ಮುಗಿಸಬೇಕು.

ಮಗ: ಆದರೆ ಇದು ಮಣ್ಣು ಕೊಚ್ಚಿ ಹೋಗದಂತೆ ಹಿಡಿದಿದೆ. ಬೇರೆ ಕಳೆ ಬಾರದಂತೆ ಮುಚ್ಚಿದೆ. ತೋಟಕ್ಕೆ ಒಳ್ಳೆಯದೇ ಅಲ್ಲವಾ ಅಂತ ಕೆಲವರು ಕೇಳುತ್ತಾರೆ.

ಚಿಕ್ಕಮ್ಮ: ಬೇರೆ ಕಳೆ ಬಾರದಂತೆ ಮುಚ್ಚುವುದು ಕಳೆಯನ್ನು ಮಾತ್ರವಲ್ಲ. ಕಾಲುವೆಯ ಅಂಚಿನಲ್ಲಿ ಮೊದಲು ಏನೇನಿತ್ತು ನೆನಪು ಮಾಡಿಕೋ. ಒಂದೆಲಗ ಇತ್ತು, ಗರುಗ ಇತ್ತು, ಹೊನಗೊನೆ ಇತ್ತು. ಈಗ ಈ ಹಾಸಿನ ಕೆಳಗೆ ಕೈ ಹಾಕಿ ನೋಡು, ಯಾವುದಾದರೂ ಉಳಿದಿದೆಯಾ? ಅಡುಗೆಗೆ ಸೊಪ್ಪು ಕೊಯ್ಯುತ್ತಿದ್ದ ಜಾಗ ಅದು. ಇದರ ಎಲೆ ಬೇರುಗಳಿಂದ ಇಳಿಯುವ ರಾಸಾಯನಿಕಗಳು ಪಕ್ಕದ ಗಿಡಗಳ ಮೊಳಕೆಯನ್ನೂ ಬೆಳವಣಿಗೆಯನ್ನೂ ಕುಂಠಿತಗೊಳಿಸುತ್ತವೆ ಅಂತ ಪ್ರಯೋಗಗಳು ತೋರಿಸಿವೆ. ಮಣ್ಣಿಗೆ ಹೊದಿಕೆ ಬೇಕಾದರೆ ಸಾರಜನಕವನ್ನೂ ಕೊಡುವ ದ್ವಿದಳದ ಹೊದಿಕೆ ಬೆಳೆಗಳಿವೆ, ಕಾಲುವೆಯ ಅಂಚಿಗೆ ನಮ್ಮ ಹುಲ್ಲುಗಳಿವೆ, ಒಂದೆಲಗವೇ ಇದೆ.

ಮಗ: ಇನ್ನೊಂದು ಅನುಮಾನ. ಇದೂ ಪೀತಭೃಂಗರಾಜವೂ ಒಂದೇ ಕುಲದವು ಅಂದಿರಿ. ಇವೆರಡೂ ಒಂದೇ ಹಳ್ಳದ ಬದಿಯಲ್ಲಿ ಬೆಳೆದರೆ?

ಚಿಕ್ಕಮ್ಮ: ಅದೇ ನನಗೆ ದೊಡ್ಡ ಆತಂಕ. ದಕ್ಷಿಣ ಚೀನಾದಲ್ಲಿ ಇವೆರಡೂ ಜತೆಯಾಗಿ ಬೆಳೆಯುವ ಕಡೆ ತಾನಾಗಿಯೇ ಅಡ್ಡತಳಿ ಹುಟ್ಟಿಕೊಂಡಿದೆ. ಎಲೆ ನೋಡಿದರೆ ಎರಡರ ನಡುವಿನ ರೂಪ. ಅಂಥ ಕಡೆ ದೇಸಿ ಗಿಡಕ್ಕೆ ಎರಡು ಕಡೆಯಿಂದ ಹೊಡೆತ: ಜಾಗವನ್ನು ಆಕ್ರಮಣಕಾರ ಕಸಿಯುತ್ತದೆ, ತಳಿಯ ಶುದ್ಧತೆಯನ್ನು ಅಡ್ಡತಳಿ ಕಸಿಯುತ್ತದೆ. ನಮ್ಮ ಗದ್ದೆ ಬಯಲಿನಲ್ಲಿ ಪೀತಭೃಂಗರಾಜ ಎಲ್ಲೆಲ್ಲಿ ಉಳಿದಿದೆ ಅಂತ ಈಗಲೇ ಗುರುತು ಮಾಡಿಟ್ಟುಕೊಳ್ಳಬೇಕು. ಅದಿರುವ ಕಡೆಗೆ ಇದು ಹೋಗದಂತೆ ಮೊದಲು ನೋಡಬೇಕು. ಗುರುತು ತಪ್ಪಿದರೆ ಆಗುವುದೇನು? ಔಷಧಿ ಗಿಡ ಅಂತ ಇದನ್ನು ಸಾಕುತ್ತಾರೆ, ಕಳೆ ಅಂತ ಅದನ್ನು ಕಿತ್ತು ಬಿಸಾಡುತ್ತಾರೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಅರೆದು ಕುಡಿದರೆ ಅದು ಬೇರೆ ಅಪಾಯ.

ಮಗ: ಸರಿ, ಕೀಳಲೇಬೇಕು ಅಂತಾಯಿತು. ನಾಳೆಯೇ ಕಳೆ ಹೊಡೆಯುವ ಯಂತ್ರ ತರಿಸುತ್ತೇನೆ.

ಚಿಕ್ಕಮ್ಮ: ಅದೊಂದು ಬೇಡ. ಆಗ ಗೆಣ್ಣಿನ ಮಾತು ನೆನಪಿಟ್ಟುಕೋ ಅಂದೆನಲ್ಲ. ವೀಳ್ಯದ ಬಳ್ಳಿ ನೆಡುವಾಗ ನೀನು ಗೆಣ್ಣು ನೋಡಿ ತುಂಡು ಮಾಡುತ್ತೀಯ. ಒಂದೊಂದು ತುಂಡೂ ಹೊಸ ಬಳ್ಳಿಯಾಗುತ್ತದೆ. ಇದಕ್ಕೂ ಅದೇ ಶಕ್ತಿ. ಬಹಳ ಕಡೆ ಇದು ಬೀಜದಿಂದ ಹರಡುವುದು ಕಡಿಮೆ, ಕಾಂಡದ ತುಂಡಿನಿಂದ ಹರಡುವುದೇ ಹೆಚ್ಚು. ಯಂತ್ರ ಹೊಡೆದರೆ ಒಂದು ಬಳ್ಳಿ ನೂರಾರು ತುಂಡಾಗಿ ಸುತ್ತ ಹಾರುತ್ತದೆ. ಅರ್ಧ ಕಾಲುವೆಗೆ ಬೀಳುತ್ತದೆ. ಕಾಲುವೆ ಹಳ್ಳಕ್ಕೆ, ಹಳ್ಳ ಹೊಳೆಗೆ. ಮಳೆಗಾಲಕ್ಕೆ ಸ್ವಲ್ಪ ಮೊದಲು ಯಂತ್ರ ಹೊಡೆಯುವುದು ಅಂದರೆ ಕೆಳಗಿನ ಊರಿಗೆಲ್ಲ ನೆಟ್ಟುಕೊಟ್ಟ ಹಾಗೆಯೇ.

ಮಗ: ಕೈಯಿಂದ ಕೀಳುವುದಾದರೆ ಎಲ್ಲಿಂದ ಶುರು ಮಾಡಬೇಕು?

ಚಿಕ್ಕಮ್ಮ: ನೀರು ಬರುವ ದಿಕ್ಕಿನಿಂದ. ರಸ್ತೆಯ ಮೋರಿ ಹತ್ತಿರ ಮೊದಲು ಕಂಡಿತು ಅಂದೆ. ಅಲ್ಲಿಂದಲೇ ಶುರು. ಕೆಳಗೆ ಕಿತ್ತು ಮೇಲೆ ಬಿಟ್ಟರೆ ಮುಂದಿನ ಮಳೆಗೆ ಮೇಲಿನ ತುಂಡುಗಳು ಮತ್ತೆ ಕೆಳಗೆ ಬರುತ್ತವೆ. ಮೇಲಿನ ಭಾಗ ಬೇರೆಯವರ ಜಾಗವಾದರೆ ಅವರ ಜತೆ ಮಾತಾಡು, ಒಟ್ಟಿಗೆ ಮಾಡಿ. ನೆಲ ಮೆದುವಾಗಿರುವಾಗ, ಆದರೆ ಬಿಸಿಲು ಚೆನ್ನಾಗಿರುವ ಕಾಲದಲ್ಲಿ ಕೀಳಬೇಕು. ಕೊಯ್ಲು ಮುಗಿದ ಮೇಲೆ ತೋಟಕ್ಕೆ ನೀರು ಬಿಡುತ್ತೀಯಲ್ಲ, ಫೆಬ್ರವರಿ ಮಾರ್ಚಿಗೆ, ಆಗ ಎರಡೂ ಸಿಗುತ್ತದೆ. ಬಳ್ಳಿಯನ್ನು ಒಂದು ತುದಿಯಿಂದ ಎತ್ತಿ ಚಾಪೆ ಸುತ್ತಿದಂತೆ ಸುತ್ತುತ್ತಾ ಹೋಗು. ಗೆಣ್ಣಿನ ಬೇರನ್ನು ಸಣ್ಣ ಗುದ್ದಲಿಯಿಂದ ಬಿಡಿಸು. ಮಣ್ಣಿನಲ್ಲಿ ಉಳಿದ ತುಂಡನ್ನು ಹೆಕ್ಕು.

ಮಗ: ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದಾ?

ಚಿಕ್ಕಮ್ಮ: ಹಸಿಯಾಗಿ ಹಾಕಬಾರದು. ಅಲ್ಲಿ ತೇವ ಇದೆ, ಚಿಗುರುತ್ತದೆ. ಆಮೇಲೆ ಆ ಗೊಬ್ಬರವನ್ನು ತೋಟದ ತುಂಬ ಹಾಕುತ್ತೀಯ. ಅಡಿಕೆ ಒಣಗಿಸುವ ಅಂಗಳದಲ್ಲೋ ಬಂಡೆಯ ಮೇಲೋ ಟಾರ್ಪಾಲಿನ ಮೇಲೋ ಹರಡಿ ಒಣಗಿಸು. ಕಾಂಡ ಮುರಿದರೆ ಪಟಕ್ಕನೆ ಮುರಿಯಬೇಕು, ಗೆಣ್ಣಿನಲ್ಲಿ ಹಸಿರು ಉಳಿದಿರಬಾರದು. ಆಮೇಲೆ ಗೊಬ್ಬರಕ್ಕೆ ಅಡ್ಡಿಯಿಲ್ಲ. ಕಾಲುವೆಗೆ, ರಸ್ತೆ ಬದಿಗೆ, ಕಾಡಿನ ಅಂಚಿಗೆ ಮಾತ್ರ ಎಸೆಯಬೇಡ. ಕಿತ್ತ ಜಾಗ ಬರಿದಾಗಿ ಬಿಡಬೇಡ. ಒಂದೆಲಗ, ದೇಸಿ ಹುಲ್ಲು ತಂದು ನೆಡು. ಕೆಲವು ವಾರ ಬಿಟ್ಟು ಮತ್ತೆ ಬಂದು ನೋಡು, ಉಳಿದ ತುಂಡುಗಳು ಚಿಗುರಿರುತ್ತವೆ. ಮಳೆ ಶುರುವಾದ ಮೇಲೆ ಇನ್ನೊಮ್ಮೆ ನೋಡು. ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ, ಆದರೆ ಪ್ರತಿ ಸಲವೂ ಕೆಲಸ ಕಡಿಮೆಯಾಗುತ್ತಾ ಬರುತ್ತದೆ.

ಮಗ: ಕೀಳುವ ಮೊದಲು ಒಂದು ಮಾದರಿ ತೆಗೆದಿಡಬೇಕಾ?

ಚಿಕ್ಕಮ್ಮ: ಖಂಡಿತ. ಇಡೀ ಗಿಡ ಒಂದು ಹಾಳೆಯಲ್ಲಿ ಕಾಣುವಂತೆ: ಗೆಣ್ಣಿನ ಬೇರು, ನಾಲ್ಕೈದು ಜೋಡಿ ಎಲೆ, ಒಂದೆರಡು ಎಲೆ ಮಗುಚಿ ಅಡಿಭಾಗ ಕಾಣುವಂತೆ, ಹೂ, ಬಲಿತ ಗೊಂಚಲು. ಹಳೆಯ ಪತ್ರಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರು. ಕಾಗದವನ್ನು ಆಗಾಗ ಬದಲಾಯಿಸು, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಪಕ್ಕದ ಚೀಟಿಯಲ್ಲಿ ಊರು, ತಾಲೂಕು, ದಿನಾಂಕ, ನೆಲ ಹೇಗಿತ್ತು, ಎಷ್ಟು ಹಬ್ಬಿತ್ತು, ಹೂವಿನ ಬಣ್ಣ ಏನು ಅಂತ ಬರಿ. ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ, ಚೀಟಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಣಸಸ್ಯ ಸಂಗ್ರಹ ಇದೆ. ಅನೇಕ ಕಾಲೇಜುಗಳಲ್ಲೂ ಇವೆ. ಫೋಟೊಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕು. ಯಾವ ವರ್ಷ ಯಾವ ಹಳ್ಳದವರೆಗೆ ಬಂದಿತ್ತು ಅನ್ನುವುದು ಮುಂದೆ ಇದನ್ನು ತಡೆಯಲು ಹೊರಡುವವರಿಗೆ ಬೇಕಾಗುತ್ತದೆ.

ಮಗ: ಪಕ್ಕದ ತೋಟದವರಿಗೆ ಏನು ಹೇಳಲಿ?

ಚಿಕ್ಕಮ್ಮ: ಬರೀ ಮಾತಿನಲ್ಲಿ ಹೇಳಬೇಡ. ಎರಡು ಎಲೆ ತಗೊಂಡು ಹೋಗು. ಗದ್ದೆ ಅಂಚಿನಲ್ಲಿ ಪೀತಭೃಂಗರಾಜ ಸಿಕ್ಕರೆ ಅದರದೊಂದು, ಇದರದೊಂದು. ಪಕ್ಕ ಪಕ್ಕ ಇಟ್ಟು ತೋರಿಸು: ಕಿರಿದಾದ, ಹಾಲೆಯಿಲ್ಲದ, ತರಿತರಿ ಎಲೆ ನಮ್ಮದು, ಅಗಲವಾದ, ಹೊಳೆಯುವ, ಮೂರು ಹಾಲೆಯ ಎಲೆ ಬಂದದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಈ ಗಿಡವನ್ನು ಮಾರುವುದಿರಲಿ, ಸುಮ್ಮನೆ ಇನ್ನೊಬ್ಬರಿಗೆ ಕೊಡುವುದನ್ನೂ ಕಾನೂನು ತಡೆಯುತ್ತದೆ. ನಮ್ಮಲ್ಲಿ ನರ್ಸರಿಯಲ್ಲಿ ಸಲೀಸಾಗಿ ಸಿಗುತ್ತದೆ, ಮದುವೆಗೆ ಹೋದ ಮನೆಯಿಂದ ಚೆಂದದ ಹೂ ಅಂತ ಒಂದು ತುಂಡು ಮುರಿದು ತರುತ್ತಾರೆ. ತಡೆಯಬೇಕಾದ್ದು ಅಲ್ಲಿ. ಹಸಿನೆಲ ಇರುವ ಊರಿನವರೆಲ್ಲ ಇಷ್ಟು ಮಾಡಿದರೆ ಸಾಕು: ಹಳದಿ ಹೂವಿನ ತೆವಳುವ ಗಿಡ ಕಂಡರೆ ಹೂ ನೋಡಿ ನಿಲ್ಲಬೇಡಿ, ಎಲೆ ನೋಡಿ. ದೇಸಿಯಾದರೆ ಉಳಿಸಿ. ಮೂರು ಹಾಲೆಯದಾದರೆ ಬೇರು ಸಮೇತ ಕಿತ್ತು ಒಣಗಿಸಿ. ಅದರ ಒಂದು ತುಂಡನ್ನೂ ಯಾರಿಗೂ ಕೊಡಬೇಡಿ, ಯಾರಿಂದಲೂ ತರಬೇಡಿ.